ಕೋಲಾರವೋ ಚಿಕ್ಕಬಳ್ಳಾಪುರವೋ: ಹಳೇ ಫ್ಯಾಮಿಲಿ ಕೇಸಿನ ದಾಖಲೆ ಹುಡುಕುವ ದಾರಿ

ಡೈವೋರ್ಸ್ ಆಗಿ ಹತ್ತು ಹದಿನೈದು ವರ್ಷ ಆಗಿರುತ್ತದೆ. ಆಗ ಕೈಗೆ ಬಂದ ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶದ ಕಾಗದ, ಮನೆ ಬದಲಾಯಿಸುವಾಗ ಎಲ್ಲೋ ಹೋಗಿರುತ್ತದೆ. ಈಗ ಪಾಸ್‌ಪೋರ್ಟಿಗೋ, ಇನ್ನೊಂದು ಮದುವೆಯ ರಿಜಿಸ್ಟ್ರೇಷನ್ನಿಗೋ, ತೀರಿಹೋದ ತಂದೆಯ ಪೆನ್ಷನ್ ವಿಷಯಕ್ಕೋ, ಮಗುವಿನ ದಾಖಲೆ ಸರಿಮಾಡಿಸುವುದಕ್ಕೋ "ಕೋರ್ಟಿನ ಸರ್ಟಿಫೈಡ್ ಕಾಪಿ ತನ್ನಿ" ಅಂತಾರೆ. ಕೇಸ್ ನಂಬರ್ ನೆನಪಿಲ್ಲ. ವಕೀಲರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಎಲ್ಲಿಂದ ಶುರುಮಾಡಬೇಕು?

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಗೊಂದಲ ಜಾಸ್ತಿ. 2007ಕ್ಕೆ ಮೊದಲು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ಎಲ್ಲವೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ಜಿಲ್ಲೆ ಎರಡಾಯಿತು. ಆದರೆ ಮದುವೆ ಸಂಬಂಧಗಳು ಎರಡಾಗಲಿಲ್ಲ, ಅಲ್ವಾ? ಇವತ್ತಿಗೂ ಶ್ರೀನಿವಾಸಪುರದ ಹುಡುಗನಿಗೆ ಚಿಂತಾಮಣಿಯ ಹುಡುಗಿ, ಮಾಲೂರಿನ ಹುಡುಗಿಗೆ ಶಿಡ್ಲಘಟ್ಟದ ಹುಡುಗ. ಮದುವೆ ಒಂದು ಜಿಲ್ಲೆಯಲ್ಲಿ, ಸಂಸಾರ ಇನ್ನೊಂದರಲ್ಲಿ, ಜಗಳ ಆದಮೇಲೆ ತವರುಮನೆ ಮತ್ತೆ ಮೊದಲಿನ ಜಿಲ್ಲೆಯಲ್ಲಿ. ಹಾಗಾಗಿ ಕೇಸು ಎಲ್ಲಿ ಹಾಕಿದ್ದರು ಅನ್ನುವುದೇ ಮನೆಯವರಿಗೆ ಸರಿಯಾಗಿ ನೆನಪಿರುವುದಿಲ್ಲ. ಒಂದು ಕೋರ್ಟಿನಲ್ಲಿ "ಇಲ್ಲಿ ಇಲ್ಲ" ಅಂದ ಕೂಡಲೇ ದಾಖಲೆಯೇ ಇಲ್ಲ ಅಂದುಕೊಂಡು ವಾಪಸ್ ಬರುವವರು ತುಂಬಾ ಜನ. ಹಾಗೆ ಬರಬೇಡಿ. ಅಲ್ಲಿ ಇಲ್ಲ ಅಂದರೆ ಅಲ್ಲಿ ಇಲ್ಲ, ಅಷ್ಟೇ. ಮೊದಲು ಹುಡುಕಬೇಕಾದ್ದು ಕೋರ್ಟನ್ನು. ಕೋರ್ಟು ಯಾವುದು ಅಂತ ಗೊತ್ತಾದರೆ ಕಾಗದ ಸಿಗುವುದು ಅಷ್ಟು ಕಷ್ಟವಲ್ಲ.

ಮನೆ ಬಿಡುವ ಮೊದಲು

ಒಂದು ಹಾಳೆ ತೆಗೆದುಕೊಂಡು ಕೂತುಕೊಳ್ಳಿ. ಗಂಡ ಹೆಂಡತಿಯ ಪೂರ್ತಿ ಹೆಸರು, ಇಬ್ಬರ ತಂದೆಯ ಹೆಸರು, ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೆ ಅದೂ. ಮದುವೆ ಎಲ್ಲಿ ನಡೆಯಿತು? ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಮನೆ ಯಾವ ಊರಿನಲ್ಲಿತ್ತು? ಬೇರೆಯಾದ ಮೇಲೆ ಹೆಂಡತಿ ಎಲ್ಲಿದ್ದರು, ಗಂಡ ಎಲ್ಲಿದ್ದರು? ಕೇಸು ಹಾಕಿದವರು ಯಾರು? ಸುಮಾರು ಯಾವ ವರ್ಷ? ವರ್ಷ ನೆನಪಿಲ್ಲದಿದ್ದರೆ ಬೇರೆ ಘಟನೆ ಹಿಡಿದು ಲೆಕ್ಕ ಹಾಕಿ. "ಮಗು ಒಂದನೇ ಕ್ಲಾಸಿಗೆ ಸೇರಿದ ವರ್ಷ", "ತಾತ ತೀರಿಕೊಂಡ ಮುಂದಿನ ವರ್ಷ" ಅನ್ನುವಷ್ಟು ಸಿಕ್ಕರೂ ಸಾಕು, ಹುಡುಕಾಟ ಎರಡು ಮೂರು ವರ್ಷಕ್ಕೆ ಇಳಿಯುತ್ತದೆ.

ಆಮೇಲೆ ಬೀರು, ಟ್ರಂಕು, ಹಳೇ ಬ್ಯಾಗು ಎಲ್ಲ ಒಂದು ಸಲ ನೋಡಿ. ನಿಮಗೆ ಬೇಕಾದ ಡಿಕ್ರಿ ಸಿಗದೇ ಇರಬಹುದು. ಆದರೆ ಕೋರ್ಟಿನಿಂದ ಬಂದ ಸಮನ್ಸು, ವಕೀಲರು ಕೊಟ್ಟ ಅರ್ಜಿಯ ಝೆರಾಕ್ಸು, ಜೀವನಾಂಶ ಕಟ್ಟಿದ ರಸೀದಿ, ಯಾವುದಾದರೂ ಒಂದು ಇರುತ್ತದೆ. ಸಮನ್ಸು ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಅದರ ಮೇಲ್ಭಾಗದಲ್ಲಿ ಕೋರ್ಟಿನ ಹೆಸರು ಇರುತ್ತದೆ, ಅದರ ಕೆಳಗೆ ಎಂ.ಸಿ. (ಮದುವೆ ಕೇಸಿನ ಗುರುತು) ನಂಬರ್ ಇಷ್ಟು, ಓರೆಗೆರೆ, ವರ್ಷ ಇಷ್ಟು ಅಂತ ಇರುತ್ತದೆ. ಆ ಒಂದು ಸಾಲು ನಿಮಗೆ ಬೇಕಾದ್ದು. ವಕೀಲರ ಲೀಗಲ್ ನೋಟಿಸ್ ಮಾತ್ರ ಸಿಕ್ಕಿದರೆ ಅದರಿಂದ ಕೇಸು ದಾಖಲಾಗಿದೆ ಅಂತ ತೀರ್ಮಾನಿಸಬೇಡಿ. ನೋಟಿಸ್ ಕೊಟ್ಟು ಸುಮ್ಮನಾದವರೂ ಇದ್ದಾರೆ.

ಇಲ್ಲೇ ಇನ್ನೊಂದು ಮಾತು. ಹಳ್ಳಿಗಳಲ್ಲಿ ಹಿರಿಯರನ್ನು ಕೂರಿಸಿ, ಛಾಪಾ ಕಾಗದದ ಮೇಲೆ "ಇನ್ನು ನಮಗೂ ಅವರಿಗೂ ಸಂಬಂಧವಿಲ್ಲ" ಅಂತ ಬರೆದು, ಇಬ್ಬರೂ ಸಹಿ ಹಾಕಿ ಬೇರೆಯಾಗುವುದು ಇದೆ. ಮನೆಯವರು ಅದನ್ನೂ "ಡೈವೋರ್ಸ್ ಪೇಪರ್" ಅಂತಲೇ ಕರೆಯುತ್ತಾರೆ. ಅದು ಕೋರ್ಟಿನ ಡಿಕ್ರಿ ಅಲ್ಲ. ಅದಕ್ಕೆ ಯಾವ ಕೋರ್ಟಿನಲ್ಲೂ ನಂಬರ್ ಇರುವುದಿಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಆದದ್ದು ಯಾವುದು ಅಂತ ಹಿರಿಯರನ್ನು ಬಿಡಿಸಿ ಕೇಳಿ: "ಕೋರ್ಟಿಗೆ ಹೋಗಿದ್ರಾ? ಜಡ್ಜ್ ಮುಂದೆ ನಿಂತಿದ್ರಾ?" ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಎಷ್ಟೋ ಓಡಾಟ ಉಳಿಯುತ್ತದೆ. ಬರೀ ಛಾಪಾ ಕಾಗದ ಇದ್ದವರು ಹುಡುಕಾಟ ಬಿಟ್ಟು ನೇರವಾಗಿ ವಕೀಲರ ಸಲಹೆ ಕೇಳುವುದು ಒಳ್ಳೆಯದು. ಅವರ ದಾರಿ ಬೇರೆ.

ಕೇಸು ಯಾವ ಊರಿನಲ್ಲಿ ಬಿದ್ದಿರುತ್ತದೆ

ಹಿಂದೂ ವಿವಾಹ ಕಾಯ್ದೆ 1955ರ 19ನೇ ಸೆಕ್ಷನ್ ಇದನ್ನು ಹೇಳುತ್ತದೆ. ಮದುವೆ ನಡೆದ ಜಾಗ, ಎದುರು ಪಾರ್ಟಿ ವಾಸವಿರುವ ಜಾಗ, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಜಾಗ, ಇವುಗಳಲ್ಲಿ ಯಾವುದಾದರೂ ಒಂದರ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. 2003ರ ತಿದ್ದುಪಡಿ ಆದಮೇಲೆ ಹೆಂಡತಿ ಅರ್ಜಿ ಹಾಕುವುದಾದರೆ ತಾನು ಈಗ ಇರುವ ಊರಿನಲ್ಲೂ ಹಾಕಬಹುದು. ಈ ವರ್ಷ ನೆನಪಿಟ್ಟುಕೊಳ್ಳಿ. 2003ರ ನಂತರದ ಕೇಸು, ಹಾಕಿದವರು ಹೆಂಡತಿ ಅಂತಾದರೆ ತವರುಮನೆಯ ತಾಲ್ಲೂಕಿನಿಂದ ಹುಡುಕಾಟ ಶುರುಮಾಡಿ. ಅದಕ್ಕಿಂತ ಹಳೆಯದಾದರೆ ಮದುವೆ ನಡೆದ ಊರು, ಗಂಡನ ಊರು ಮೊದಲು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೆಣ್ಣಿನ ಕಡೆಯವರು ಚಿಂತಾಮಣಿಯವರು, ಗಂಡಿನ ಕಡೆ ಶ್ರೀನಿವಾಸಪುರ, ಮದುವೆ ನಡೆದದ್ದು ಕೈವಾರದಲ್ಲಿ, ಸಂಸಾರ ಮಾಡಿದ್ದು ಕೋಲಾರ ಟೌನಿನ ಬಾಡಿಗೆ ಮನೆಯಲ್ಲಿ. ಕೈವಾರ ಚಿಂತಾಮಣಿ ತಾಲ್ಲೂಕು, ಹಾಗಾಗಿ ಚಿಂತಾಮಣಿ ಕೋರ್ಟು ಒಂದು ಸಾಧ್ಯತೆ. ಶ್ರೀನಿವಾಸಪುರ ಇನ್ನೊಂದು. ಕೋಲಾರ ಮೂರನೆಯದು. ಮೂರು ಕಡೆ, ಎರಡು ಜಿಲ್ಲೆ. ಹೆಂಡತಿ ಹಾಕಿದ್ದರೆ ಚಿಂತಾಮಣಿ ಮೊದಲು ನೋಡುವುದು ಸರಿ, ಯಾಕೆಂದರೆ ಮದುವೆ ಊರು ಮತ್ತು ತವರು ಎರಡೂ ಅಲ್ಲೇ ಬರುತ್ತವೆ. ಗಂಡ ಹಾಕಿದ್ದರೆ? ಕೋಲಾರ ಆಗಬಹುದು, ಆದರೆ ಚಿಂತಾಮಣಿಯನ್ನು ಬಿಡುವ ಹಾಗಿಲ್ಲ, ಹೆಂಡತಿ ಆಗ ತವರಿನಲ್ಲಿದ್ದರೆ ಎದುರು ಪಾರ್ಟಿ ಇರುವ ಜಾಗ ಅದೇ ಆಗುತ್ತದೆ.

ನಮ್ಮವರು ಎಷ್ಟೋ ಜನ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಅಲ್ಲೇ ಸಂಸಾರ ಮಾಡಿರುತ್ತಾರೆ. ಅಂಥವರ ಕೇಸು ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ, ಅಂದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ, ಇರಬಹುದು. ಹೊಸಕೋಟೆ, ದೇವನಹಳ್ಳಿ ಕಡೆ ಇದ್ದವರದು ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತದೆ. ಎರಡು ಜಿಲ್ಲೆ ಸುತ್ತಿ ಬರಿಗೈಯಲ್ಲಿ ಬಂದವರು ಈ ಎರಡನ್ನೂ ನೋಡಬೇಕು.

ಮಗುವಿನ ಕಸ್ಟಡಿ, ಗಾರ್ಡಿಯನ್ ಕೇಸುಗಳದ್ದು ಬೇರೆ ಲೆಕ್ಕ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಮಗು ಸಾಮಾನ್ಯವಾಗಿ ವಾಸವಿರುವ ಜಾಗವೇ ಮುಖ್ಯ. ಅಪ್ಪ ಅಮ್ಮನ ಡೈವೋರ್ಸ್ ಕೋಲಾರದಲ್ಲಿ ಆಗಿದ್ದು, ಮಗು ಅಜ್ಜಿಯ ಹತ್ತಿರ ಗೌರಿಬಿದನೂರಿನಲ್ಲಿ ಬೆಳೆದಿದ್ದರೆ ಕಸ್ಟಡಿ ಕೇಸು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇರುವುದು ಸಹಜ.

ಜೀವನಾಂಶ ಇನ್ನೂ ಓಡಾಡಿಸುತ್ತದೆ. ಹಳೇ ಸಿಆರ್‌ಪಿಸಿ, ಅಂದರೆ ಕ್ರಿಮಿನಲ್ ಪ್ರೊಸೀಜರ್ ಕೋಡ್, 125ನೇ ಸೆಕ್ಷನ್ ಕೆಳಗೆ ಹಾಕಿದ ಅರ್ಜಿ ಗಂಡ ಇರುವ ಕಡೆ, ಹೆಂಡತಿ ಇರುವ ಕಡೆ, ಇಬ್ಬರೂ ಕೊನೆಗೆ ಇದ್ದ ಕಡೆ, ಎಲ್ಲಿ ಬೇಕಾದರೂ ಇರಬಹುದು. 2024ರ ಜುಲೈ 1ರಿಂದ ಇದೇ ವಿಷಯ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಸೆಕ್ಷನ್ನಿನಲ್ಲಿದೆ, ಹೊಸ ಕೇಸು ಹುಡುಕುವಾಗ ಆ ನಂಬರ್ ನೋಡಿ. ಇದರಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಒಂದು ಕೋರ್ಟು ಕೊಟ್ಟ ಜೀವನಾಂಶದ ಆರ್ಡರನ್ನು ಗಂಡ ಎಲ್ಲಿದ್ದಾನೋ ಅಲ್ಲಿನ ಕೋರ್ಟಿನಲ್ಲಿ ಜಾರಿ ಮಾಡಿಸಬಹುದು. ಹಾಗಾಗಿ ಮೂಲ ಆರ್ಡರ್ ಶಿಡ್ಲಘಟ್ಟದ್ದು, ಬಾಕಿ ವಸೂಲಿಯ ಕೇಸು ಮುಳಬಾಗಿಲಿನದ್ದು ಅನ್ನುವ ಹಾಗೆ ಆಗಬಹುದು. ನಿಮಗೆ ವಸೂಲಿ ಕೇಸಿನ ಕಾಗದ ಸಿಕ್ಕಿದರೆ ಅದರೊಳಗೆ ಮೂಲ ಕೇಸಿನ ನಂಬರ್ ಬರೆದಿರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋಗಿ.

ಜಿಲ್ಲೆ ಒಡೆದದ್ದು, ಕೋರ್ಟು ಬದಲಾದದ್ದು

ಈ ಭಾಗವನ್ನು ನಿಧಾನವಾಗಿ ಓದಿ, ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಮದುವೆಗೆ ಸಂಬಂಧಪಟ್ಟ ಕೇಸುಗಳು ಎಲ್ಲ ಕಾಲದಲ್ಲೂ "ಫ್ಯಾಮಿಲಿ ಕೋರ್ಟ್" ಅಂತ ಬೋರ್ಡು ಇರುವ ಕಡೆಯೇ ನಡೆದಿಲ್ಲ. ಫ್ಯಾಮಿಲಿ ಕೋರ್ಟ್ ಕಾಯ್ದೆ ಬಂದದ್ದು 1984ರಲ್ಲಿ. ಆದರೆ ಕೋರ್ಟುಗಳು ಎಲ್ಲ ಊರಿಗೂ ಒಂದೇ ಸಲ ಬರಲಿಲ್ಲ. ಅವು ಇಲ್ಲದ ಕಡೆ ತಾಲ್ಲೂಕಿನ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಡೈವೋರ್ಸ್ ಕೇಸುಗಳು, ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜೀವನಾಂಶದ ಕೇಸುಗಳು ನಡೆಯುತ್ತವೆ. ಒಂದು ಪ್ರದೇಶಕ್ಕೆ ಫ್ಯಾಮಿಲಿ ಕೋರ್ಟ್ ಬಂತು ಅಂದರೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಆ ಪ್ರದೇಶದ ಬಾಕಿ ಕೇಸುಗಳು ಹಳೇ ಕೋರ್ಟಿನಿಂದ ಅಲ್ಲಿಗೆ ವರ್ಗವಾಗುತ್ತವೆ. ಫ್ಯಾಮಿಲಿ ಕೋರ್ಟಿನ ವ್ಯಾಪ್ತಿ ಎಲ್ಲಿಯವರೆಗೆ ಅನ್ನುವುದು ಸರ್ಕಾರ ಹೊರಡಿಸಿದ ನೋಟಿಫಿಕೇಷನ್ನಿನಲ್ಲಿ ಇರುತ್ತದೆ. ಜಿಲ್ಲಾ ಕೇಂದ್ರದಲ್ಲಿ ಫ್ಯಾಮಿಲಿ ಕೋರ್ಟ್ ಇದೆ ಅಂದ ಮಾತ್ರಕ್ಕೆ ದೂರದ ತಾಲ್ಲೂಕಿನ ಕೇಸೂ ಅಲ್ಲೇ ಅಂತ ಲೆಕ್ಕ ಹಾಕಬೇಡಿ. ಕೌಂಟರಿನಲ್ಲಿ ನೇರವಾಗಿ ಕೇಳಿ: "ನಮ್ಮ ತಾಲ್ಲೂಕು ಈ ಕೋರ್ಟಿಗೆ ಬರುತ್ತಾ? ಯಾವ ವರ್ಷದಿಂದ?"

ವರ್ಗವಾದ ಕೇಸಿಗೆ ಸಾಮಾನ್ಯವಾಗಿ ಹೊಸ ನಂಬರ್ ಬೀಳುತ್ತದೆ. ಅಂದರೆ ಒಂದೇ ಕೇಸಿಗೆ ಎರಡು ನಂಬರ್. ಹಳೇ ನಂಬರ್ ಹಿಡಿದು ಹೊಸ ಕೋರ್ಟಿಗೆ ಹೋದರೆ ಬೇರೆ ಯಾರದೋ ಕೇಸು ಬರುತ್ತದೆ. ಹಳೇ ಕೋರ್ಟಿನಲ್ಲಿ ಆ ಕೇಸು "ಟ್ರಾನ್ಸ್‌ಫರ್ಡ್" ಅಂತ ಮುಗಿದಿರುತ್ತದೆ, ಜಡ್ಜ್‌ಮೆಂಟ್ ಅಲ್ಲಿ ಇರುವುದೇ ಇಲ್ಲ. ಇಂಥದ್ದು ಕಂಡರೆ ನಿರಾಸೆ ಬೇಡ, ಯಾವ ಕೋರ್ಟಿಗೆ ಯಾವ ತಾರೀಖಿನಲ್ಲಿ ಕಳಿಸಿದ್ದಾರೆ ಅಂತ ಬರೆಸಿಕೊಳ್ಳಿ. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಿಕೊಳ್ಳುವುದೂ ಉಂಟು. ಹೆಂಡತಿ ಚಿಕ್ಕ ಮಗು ಇಟ್ಟುಕೊಂಡು ದೂರದ ಊರಿಗೆ ಓಡಾಡಲು ಆಗುವುದಿಲ್ಲ ಅಂತ ಹೈಕೋರ್ಟಿಗೆ ಅರ್ಜಿ ಹಾಕಿದಾಗ ಕೇಸು ಅವರ ಊರಿನ ಕಡೆ ಬಂದಿರಬಹುದು.

ಇನ್ನು 2007ರ ವಿಷಯ. ತಾಲ್ಲೂಕು ಕೋರ್ಟಿನಲ್ಲಿ ನಡೆದು ಮುಗಿದ ಕೇಸಾದರೆ ಜಿಲ್ಲೆ ಯಾವುದು ಅನ್ನುವ ಚಿಂತೆ ಕಡಿಮೆ, ಮೊದಲು ಆ ತಾಲ್ಲೂಕು ಕೋರ್ಟಿನ ರೆಕಾರ್ಡ್ ರೂಮಿನಲ್ಲೇ ಕೇಳಿ. ಜಿಲ್ಲಾ ಕೇಂದ್ರದ ಮಟ್ಟದಲ್ಲಿ ನಡೆದ ಹಳೇ ಕೇಸು, ಮೇಲ್ಮನವಿ ಇವುಗಳಿಗೆ ಮಾತ್ರ ಕೋಲಾರವನ್ನು ಮೊದಲು ನೋಡಬೇಕು, ಆಗ ಇದ್ದ ಜಿಲ್ಲಾ ಕೋರ್ಟು ಅದೇ. ಕಂದಾಯ ಜಿಲ್ಲೆ ಆದ ದಿನವೇ ಕೋರ್ಟಿನ ಫೈಲುಗಳೂ ಗಂಟು ಕಟ್ಟಿಕೊಂಡು ಹೊಸ ಊರಿಗೆ ಹೋದವು ಅಂದುಕೊಳ್ಳಬೇಡಿ. 2005ರಿಂದ ಸುಮಾರು 2010ರವರೆಗಿನ ಕೇಸು ನಿಮ್ಮದಾದರೆ ಎರಡೂ ಕಡೆ ಕೇಳುವುದೇ ಕ್ಷೇಮ. ತಾಲ್ಲೂಕುಗಳೂ ಬದಲಾಗಿವೆ. ಮಂಚೇನಹಳ್ಳಿ ಮೊದಲು ಗೌರಿಬಿದನೂರು ತಾಲ್ಲೂಕಿನಲ್ಲಿತ್ತು, ಚೇಳೂರು ಬಾಗೇಪಲ್ಲಿಯಲ್ಲಿತ್ತು, ಕೆಜಿಎಫ್ ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. ಆಧಾರ್ ಕಾರ್ಡಿನಲ್ಲಿರುವ ಈಗಿನ ತಾಲ್ಲೂಕಲ್ಲ, ಕೇಸು ಹಾಕಿದಾಗ ಇದ್ದ ತಾಲ್ಲೂಕನ್ನು ಹೇಳಿ.

ಎಂ.ಸಿ. ಅಂದರೆ, ಒ.ಎಸ್. ಅಂದರೆ

ಕೋರ್ಟಿನಲ್ಲಿ ಯಾರೂ "ಡೈವೋರ್ಸ್ ಕೇಸ್" ಅಂತ ರಿಜಿಸ್ಟರ್ ಇಡುವುದಿಲ್ಲ. ಡೈವೋರ್ಸ್, ಮದುವೆ ಅಸಿಂಧು, ಮತ್ತೆ ಕೂಡಿ ಬಾಳಬೇಕು ಅನ್ನುವ ಅರ್ಜಿ ಎಲ್ಲ ಎಂ.ಸಿ., ಅಂದರೆ ಮ್ಯಾಟ್ರಿಮೋನಿಯಲ್ ಕೇಸ್. ಜೀವನಾಂಶ ಮತ್ತು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಗಳು ಹೆಚ್ಚಾಗಿ ಕ್ರಿಮಿನಲ್ ಮಿಸಲೇನಿಯಸ್. ಮಗುವಿನದ್ದು ಜಿ ಅಂಡ್ ಡಬ್ಲ್ಯೂಸಿ, ಅಂದರೆ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕೇಸ್. ಡಿಕ್ರಿ ಜಾರಿಗೆ ಎಕ್ಸಿಕ್ಯೂಷನ್.

ಮುಸ್ಲಿಂ ಮಹಿಳೆಯರು 1939ರ ಕಾಯ್ದೆಯಡಿ ಮದುವೆ ರದ್ದು ಕೇಳಿ ಹಾಕಿದ ದಾವೆ ಒ.ಎಸ್., ಅಂದರೆ ಒರಿಜಿನಲ್ ಸೂಟ್ (ಸಿವಿಲ್ ದಾವೆ) ಪಟ್ಟಿಯಲ್ಲಿ ಸಿಗುವುದು ಸಾಮಾನ್ಯ. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಎಷ್ಟೋ ಮನೆಗಳಿಗೆ ಈ ವಿಷಯ ಬೇಕಾಗುತ್ತದೆ. ಎಂ.ಸಿ.ಯಲ್ಲಿ ಹುಡುಕಿ ಸಿಗಲಿಲ್ಲ ಅಂದರೆ ಒ.ಎಸ್. ತೆಗೆಸಿ ನೋಡಿ.

ಕೇಸು ಒಂದು ಸಲ ವಜಾ ಆಗಿ, ಮತ್ತೆ ತೆರೆಸಿದ್ದರೆ ಮಧ್ಯದಲ್ಲಿ ಒಂದು ಮಿಸಲೇನಿಯಸ್ ನಂಬರ್ ಬಂದಿರುತ್ತದೆ. ಹೈಕೋರ್ಟಿಗೆ ಹೋಗಿದ್ದರೆ ಡೈವೋರ್ಸ್ ಅಪೀಲು ಎಂ.ಎಫ್.ಎ., ಫ್ಯಾಮಿಲಿ ಕೋರ್ಟಿನ ಜೀವನಾಂಶದ ರಿವಿಷನ್ ಆರ್.ಪಿ.ಎಫ್.ಸಿ. ಹೈಕೋರ್ಟಿನ ಆದೇಶದ ಮೊದಲ ಪುಟದಲ್ಲೇ ಕೆಳಗಿನ ಕೋರ್ಟಿನ ಹೆಸರು, ನಂಬರ್, ತಾರೀಖು ಮೂರೂ ಬರೆದಿರುತ್ತಾರೆ. ಹಾಗಾಗಿ ಅಪೀಲು ಆಗಿದ್ದ ಕೇಸಾದರೆ ಹೈಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡುವುದು ಎಲ್ಲಕ್ಕಿಂತ ಬೇಗ ಆಗುವ ಕೆಲಸ.

ಫೋನಿನಲ್ಲೇ ಹುಡುಕುವುದು

ಇ-ಕೋರ್ಟ್ಸ್ ಸರ್ವಿಸಸ್ ಅಂತ ಕೇಂದ್ರದ ವೆಬ್‌ಸೈಟೂ ಇದೆ, ಆಪೂ ಇದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಸಿಎನ್‌ಆರ್ ಅನ್ನುವ 16 ಅಕ್ಷರ ಮತ್ತು ಅಂಕಿಗಳ ನಂಬರ್ ನಿಮ್ಮ ಹತ್ತಿರ ಇದ್ದರೆ ಅದನ್ನು ಹಾಕಿದ ಕೂಡಲೇ ಕೇಸು ತೆರೆದುಕೊಳ್ಳುತ್ತದೆ. ಇಲ್ಲದವರು ಕೇಸ್ ಸ್ಟೇಟಸ್‌ಗೆ ಹೋಗಿ ರಾಜ್ಯ ಕರ್ನಾಟಕ, ಆಮೇಲೆ ಜಿಲ್ಲೆ, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್ ಆರಿಸಿಕೊಂಡು ಪಾರ್ಟಿ ಹೆಸರಿನಿಂದ ಹುಡುಕಬೇಕು. ಜಿಲ್ಲೆ ಒಂದು ಸಲಕ್ಕೆ ಒಂದೇ ಆರಿಸಲು ಬರುವುದು. ಕೋಲಾರ ಹಾಕಿ ನೋಡಿ "ಇಲ್ಲ" ಬಂದರೆ ಚಿಕ್ಕಬಳ್ಳಾಪುರ ಹಾಕಿ ಮತ್ತೆ ಮೊದಲಿನಿಂದ. ಕಾಂಪ್ಲೆಕ್ಸ್ ಕೂಡ ಹಾಗೇ: ಜಿಲ್ಲಾ ಕೇಂದ್ರದ್ದು ಬೇರೆ, ಪ್ರತಿ ತಾಲ್ಲೂಕಿನದ್ದು ಬೇರೆ. ಎಲ್ಲವನ್ನೂ ಒಂದೊಂದಾಗಿ ನೋಡಬೇಕು.

ಹೆಸರು ಹಾಕುವ ಜಾಗದ ಹತ್ತಿರ ಪೆಂಡಿಂಗ್, ಡಿಸ್ಪೋಸ್ಡ್, ಬೋತ್ ಅಂತ ಮೂರು ಗುಂಡಿ ಇರುತ್ತವೆ. ಹಳೇ ಕೇಸು ಹುಡುಕುವವರು ಪೆಂಡಿಂಗ್ ಬಿಟ್ಟು ಬೋತ್ ಒತ್ತಬೇಕು. ಇದೊಂದು ಗಮನಿಸದೆ "ಆನ್‌ಲೈನಲ್ಲಿ ಇಲ್ಲ" ಅಂತ ಬಿಟ್ಟುಬಿಡುವವರು ಬಹಳ. ವರ್ಷದ ಜಾಗದಲ್ಲಿ ಕೇಸು ಮುಗಿದ ವರ್ಷ ಅಲ್ಲ, ಕೇಸು ದಾಖಲಾದ ವರ್ಷ ಹಾಕಬೇಕು. ನಿಮ್ಮ ಅಂದಾಜಿನ ವರ್ಷಕ್ಕೆ ಹಿಂದೆ ಮುಂದೆ ಎರಡೆರಡು ವರ್ಷ ಹಾಕಿ ನೋಡಿ.

ಹೆಸರಿನ ಸ್ಪೆಲ್ಲಿಂಗ್ ದೊಡ್ಡ ತಲೆನೋವು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದವರು ಆವತ್ತು ಹೇಗೆ ಟೈಪ್ ಮಾಡಿದರೋ ಹಾಗೇ ಇರುತ್ತದೆ. ಮುನಿಯಮ್ಮ ಅನ್ನುವಾಗ ಮಧ್ಯೆ ವೈ ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಲಕ್ಷ್ಮಿಗೆ ಕೆ ಎಸ್ ಎಚ್ ಬರೆಯುವವರು ಕೆಲವರು, ಎಕ್ಸ್ ಬರೆದು ಮುಗಿಸುವವರು ಕೆಲವರು. ವೆಂಕಟೇಶಪ್ಪ ಒಂದು ಕಡೆ ವೆಂಕಟೇಶ್ ಆಗಿರುತ್ತಾನೆ. ಇನಿಷಿಯಲ್ ಮುಂದೆ ಇರಬಹುದು, ಹಿಂದೆ ಇರಬಹುದು. ಶ್ರೀಮತಿ ಅನ್ನುವುದನ್ನೂ ಹೆಸರಿನ ಜೊತೆಗೇ ಟೈಪ್ ಮಾಡಿರಬಹುದು. ಅದಕ್ಕೆ ಪೂರ್ತಿ ಹೆಸರು ಹಾಕಬೇಡಿ. ಕಡಿಮೆ ಅಂದರೆ ಮೂರು ಅಕ್ಷರ ಬೇಕು, ಹೆಸರಿನ ಗೊಂದಲವಿಲ್ಲದ ನಾಲ್ಕೈದು ಅಕ್ಷರ ಮಾತ್ರ ಹಾಕಿ. ಆದರೆ ನಮ್ಮ ಸೀಮೆಯಲ್ಲಿ "ಮುನಿ" ಅಂತ ಹಾಕಿದರೆ ಮುನಿಯಪ್ಪ, ಮುನಿರತ್ನ, ಮುನಿವೆಂಕಟಪ್ಪ ಅಂತ ಪುಟಗಟ್ಟಲೆ ಬರುತ್ತದೆ. ಆಗ ಗಂಡ ಹೆಂಡತಿ ಇಬ್ಬರಲ್ಲಿ ಯಾರ ಹೆಸರು ಅಪರೂಪವೋ ಅದನ್ನು ಹಾಕಿ. ಸಿಕ್ಕ ಪಟ್ಟಿಯಲ್ಲಿ ಎರಡೂ ಕಡೆಯ ಹೆಸರು ಕಾಣುತ್ತದೆ, ಜೋಡಿ ಹೊಂದಿದರೆ ಅದೇ ನಿಮ್ಮದು.

ಕೇಸು ಸಿಕ್ಕಿತು ಅಂದುಕೊಳ್ಳಿ. ಈಗ "ಡಿಸ್ಪೋಸ್ಡ್" ಅಂತ ನೋಡಿ ಡೈವೋರ್ಸ್ ಆಗಿದೆ ಅಂತ ಹೇಳಿಬಿಡಬೇಡಿ. ಡಿಸ್ಪೋಸ್ಡ್ ಅಂದರೆ ಕೇಸು ಆ ಕೋರ್ಟಿನಲ್ಲಿ ಮುಗಿದಿದೆ ಅಂತ ಮಾತ್ರ. ಅದರ ಜೊತೆಗೆ ಹೇಗೆ ಮುಗಿಯಿತು ಅನ್ನುವುದೂ ಬರೆದಿರುತ್ತದೆ. ಅರ್ಜಿ ಅಲೌ ಆಗಿದೆಯೋ, ಡಿಸ್ಮಿಸ್ ಆಗಿದೆಯೋ, ಪಾರ್ಟಿ ಬಾರದೆ ಡೀಫಾಲ್ಟ್ ಆಗಿ ವಜಾ ಆಗಿದೆಯೋ, ವಾಪಸ್ ತೆಗೆದುಕೊಂಡಿದ್ದಾರೋ, ಟ್ರಾನ್ಸ್‌ಫರ್ ಆಗಿದೆಯೋ ನೋಡಿ. ಡೀಫಾಲ್ಟ್ ಆಗಿ ವಜಾ ಆದ ಕೇಸಿನಲ್ಲಿ ಗಂಡ ಹೆಂಡತಿ ಕಾನೂನಿನ ಪ್ರಕಾರ ಇನ್ನೂ ಗಂಡ ಹೆಂಡತಿಯೇ. ಇದನ್ನು ತಿಳಿಯದೆ ಎರಡನೇ ಮದುವೆಗೆ ತಯಾರಿ ಮಾಡಿಕೊಳ್ಳುವ ಮನೆಗಳ ಬಗ್ಗೆ ನನಗೆ ನಿಜವಾಗಿಯೂ ಆತಂಕ. ದಯವಿಟ್ಟು ಆ ಒಂದು ಪದ ನೋಡದೆ ಮುಂದೆ ಹೋಗಬೇಡಿ.

ಆನ್‌ಲೈನಿನಲ್ಲಿ ಫ್ಯಾಮಿಲಿ ಕೇಸುಗಳ ಜಡ್ಜ್‌ಮೆಂಟ್ ಎಷ್ಟೋ ಸಲ ತೆರೆಯುವುದಿಲ್ಲ, ಮನೆಯ ವಿಷಯ ಅಂತ ಹಾಗೆ ಇಟ್ಟಿರುತ್ತಾರೆ. ಇನ್ನು ತುಂಬಾ ಹಳೇ ಕೇಸು ಪೂರ್ತಿ ಕಾಣದೇ ಇರಬಹುದು. ಇ-ಕೋರ್ಟ್ಸ್ ಯೋಜನೆ ಶುರುವಾದದ್ದೂ 2007ರಲ್ಲೇ. ತೊಂಬತ್ತರ ದಶಕದಲ್ಲಿ ಮುಗಿದ ಕೇಸು ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ಆಶ್ಚರ್ಯವಿಲ್ಲ, ಅದು ಕಾಗದದ ರಿಜಿಸ್ಟರಿನಲ್ಲೇ ಇರುತ್ತದೆ. ಫೋನಿನಲ್ಲಿ ಮಾಡಲು ಬಾರದವರು ಕೋರ್ಟ್ ಆವರಣದ ಇ-ಸೇವಾ ಕೇಂದ್ರದಲ್ಲಿ ಕೇಳಬಹುದು, ಹುಡುಕಿಕೊಡುತ್ತಾರೆ.

ಕೋರ್ಟಿಗೆ ಹೋದ ಮೇಲೆ

ಬೆಳಗ್ಗೆ ಹೋಗಿ. ಆಧಾರ್ ಮತ್ತು ಅದರ ಝೆರಾಕ್ಸ್, ಮನೆಯಲ್ಲಿ ಹೆಸರು ಊರು ಬರೆದಿಟ್ಟ ಆ ಹಾಳೆ, ಇದ್ದಷ್ಟು ಹಳೇ ಕಾಗದ ಜೊತೆಗಿರಲಿ. ನಂಬರ್ ಗೊತ್ತಿದ್ದರೆ ನೇರವಾಗಿ ನಕಲು ವಿಭಾಗಕ್ಕೆ. ಗೊತ್ತಿಲ್ಲದಿದ್ದರೆ ಆ ಕೋರ್ಟಿನ ಶಿರಸ್ತೇದಾರರನ್ನು ಕಂಡು, ಇಂಥ ವರ್ಷದ ಎಂ.ಸಿ. ರಿಜಿಸ್ಟರಿನಲ್ಲಿ ಈ ಹೆಸರು ನೋಡಿಕೊಡಿ ಅಂತ ಒಂದು ಅರ್ಜಿ ಬರೆದು ಕೊಡಿ. ಬಾಯಲ್ಲಿ ಕೇಳಿದ್ದಕ್ಕಿಂತ ಬರೆದು ಕೊಟ್ಟದ್ದಕ್ಕೆ ತೂಕ ಜಾಸ್ತಿ.

ಕಾಪಿ ಅರ್ಜಿಯಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಎರಡೂ ಪಾರ್ಟಿಗಳ ಹೆಸರು, ಮುಗಿದ ತಾರೀಖು, ಯಾವ ಯಾವ ಕಾಗದ ಬೇಕು ಅಂತ ತುಂಬಿ ಕೋರ್ಟ್ ಫೀ ಸ್ಟಾಂಪು ಅಂಟಿಸಬೇಕು. "ಡೈವೋರ್ಸ್ ಪೇಪರ್ ಬೇಕು" ಅಂತ ಬರೆದರೆ ಆಗುವುದಿಲ್ಲ. ಜಡ್ಜ್‌ಮೆಂಟ್, ಡಿಕ್ರಿ ಎರಡನ್ನೂ ಹೆಸರಿಸಿ ಕೇಳಿ, ಅವು ಬೇರೆ ಬೇರೆ ಕಾಗದ. ಜಡ್ಜ್‌ಮೆಂಟಿನಲ್ಲಿ ಕಾರಣಗಳು ಇರುತ್ತವೆ, ಡಿಕ್ರಿಯಲ್ಲಿ ಕೊನೆಯ ಆದೇಶ ಮಾತ್ರ. ಕಚೇರಿಗಳು ಒಂದು ಸಲ ಇದು, ಒಂದು ಸಲ ಅದು ಕೇಳುತ್ತವೆ. ಪರಸ್ಪರ ಒಪ್ಪಿಗೆಯಿಂದ ಆದ ಕೇಸಾದರೆ ಒಪ್ಪಂದದ ಅರ್ಜಿಯ ನಕಲನ್ನೂ ಕೇಳಿ, ಮಗು ಯಾರ ಹತ್ತಿರ, ಒಡವೆ ಯಾರಿಗೆ, ಹಣ ಎಷ್ಟು ಅನ್ನುವುದು ಅದರಲ್ಲೇ ಇರುವುದು. ಕೇಸು ಹೇಗೆ ನಡೆಯಿತು ಅಂತ ತಿಳಿಯಬೇಕಾದರೆ ಆರ್ಡರ್ ಶೀಟ್ ಕೂಡ.

ಪಾರ್ಟಿ ಸ್ವತಃ ಅರ್ಜಿ ಹಾಕಬಹುದು, ಇದಕ್ಕೆ ವಕೀಲರು ಬೇಕೇ ಬೇಕು ಅಂತಿಲ್ಲ. ಹೋಗಲು ಆಗದವರು ವಕೀಲರ ಮೂಲಕ ಹಾಕಿಸುವುದು ಸುಲಭ. ಇನ್ನೊಂದು ವಿಷಯ: ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ನಿನ 4ನೇ ಉಪವಿಭಾಗದ ಪ್ರಕಾರ ಡೈವೋರ್ಸ್ ಡಿಕ್ರಿ ಆದಾಗ ಎರಡೂ ಪಾರ್ಟಿಗೆ ಒಂದೊಂದು ಪ್ರತಿಯನ್ನು ಕೋರ್ಟೇ ಉಚಿತವಾಗಿ ಕೊಡಬೇಕು. ಈಗಷ್ಟೇ ಕೇಸು ಮುಗಿಸಿಕೊಂಡವರು ಅದನ್ನು ಮರೆಯದೆ ಕೇಳಿ ತೆಗೆದುಕೊಳ್ಳಿ. ಕಳೆದುಹೋದ ಮೇಲೆ ಮತ್ತೆ ಬೇಕಾದರೆ ನಕಲಿನ ಶುಲ್ಕ ಕಟ್ಟಬೇಕು.

ಆರ್‌ಟಿಐ ಹಾಕಿ ತೆಗೆಯೋಣ ಅಂತ ಕೆಲವರು ಹೊರಡುತ್ತಾರೆ. ಬೇಡ. ಕೋರ್ಟಿನ ಕೇಸಿನ ನಕಲು ಬೇಕಾದವರು ಆರ್‌ಟಿಐ ಮೂಲಕ ಅಲ್ಲ, ಕೋರ್ಟಿನ ನಿಯಮದ ಪ್ರಕಾರವೇ ಅರ್ಜಿ ಹಾಕಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಪಟ್ಟ ಕೇಸಿನಲ್ಲಿ ಹೇಳಿದೆ. ಸುಮ್ನೆ ಒಂದು ತಿಂಗಳು ಹಾಳು.

ಪಾರ್ಟಿ ಅಲ್ಲದವರು, ಅಂದರೆ ಮಗ, ಮಗಳು, ಹೊಸ ಸಂಬಂಧ ನೋಡುತ್ತಿರುವವರು ಕೇಳಿದರೆ ಸುಲಭವಾಗಿ ಕೊಡುವುದಿಲ್ಲ. ಯಾಕೆ ಬೇಕು ಅಂತ ಅಫಿಡವಿಟ್ ಹಾಕಬೇಕು, ಕೊಡಬೇಕೋ ಬೇಡವೋ ಕೋರ್ಟು ನೋಡುತ್ತದೆ. ಇದು ಸರಿಯಾಗಿಯೇ ಇದೆ. ಆ ಫೈಲಿನಲ್ಲಿ ಒಂದು ಮನೆಯ ನೋವೆಲ್ಲ ಇರುತ್ತದೆ. ತಂದೆ ತಾಯಿ ತೀರಿಹೋಗಿದ್ದು ಮಕ್ಕಳು ಕೇಳುವುದಾದರೆ ಮರಣ ಪತ್ರ, ವಂಶವೃಕ್ಷ ಜೊತೆಗಿಡಿ. ಹುಡುಗನ ಮೊದಲ ಮದುವೆ ನಿಜವಾಗಿ ಮುಗಿದಿದೆಯಾ ಅಂತ ತಿಳಿಯಬೇಕಾದ ಹೆಣ್ಣಿನ ಮನೆಯವರು ಹುಡುಗನಿಂದಲೇ ಸರ್ಟಿಫೈಡ್ ಕಾಪಿ ತರಿಸಿ ನೋಡುವುದು ಉತ್ತಮ. ಕೇಳಲು ಸಂಕೋಚ ಬೇಡ. ಸಿಕ್ಕ ಕಾಗದವನ್ನು ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಇಂಥ ಕೇಸಿನ ವಿವರವನ್ನು ಪ್ರಕಟಿಸುವುದು ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ನಿನಲ್ಲಿ ಅಪರಾಧ, 1000 ರೂಪಾಯಿವರೆಗೆ ದಂಡ ಇದೆ.

ಫೈಲು ಸಿಗುತ್ತಿಲ್ಲ ಅಂದರೆ

ಮೊದಲ ಅನುಮಾನ ಅಪೀಲಿನ ಮೇಲೆ ಇರಲಿ. ಹೈಕೋರ್ಟು ಕೆಳಗಿನ ಕೋರ್ಟಿನ ದಾಖಲೆ ತರಿಸಿಕೊಂಡಿದ್ದರೆ ಫೈಲು ಬೆಂಗಳೂರಿನಲ್ಲಿ ಇರಬಹುದು. ವಕೀಲರು ಇದನ್ನು ಎಲ್‌ಸಿಆರ್ ಅಂತಾರೆ. "ಎಲ್‌ಸಿಆರ್ ಮೇಲಕ್ಕೆ ಹೋಗಿದೆಯಾ, ವಾಪಸ್ ಬಂದಿದೆಯಾ?" ಅಂತ ರೆಕಾರ್ಡ್ ರೂಮಿನಲ್ಲಿ ಕೇಳಿ. ಎರಡನೆಯದು, ಆ ಕೇಸಿನ ಜಡ್ಜ್‌ಮೆಂಟನ್ನು ಬೇರೆ ಕೇಸಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸಿರಬಹುದು. ಅದೇ ಗಂಡ ಹೆಂಡತಿಯ ನಡುವೆ 498ಎ (ಗಂಡ, ಗಂಡನ ಮನೆಯವರ ಕಿರುಕುಳದ ಕ್ರಿಮಿನಲ್) ಕೇಸು, ಆಸ್ತಿ ಪಾಲಿನ ದಾವೆ ಇದ್ದಿದ್ದರೆ ಆ ಫೈಲು ತೆಗೆಸಿ ನೋಡಿ. ಹಳೇ ವಕೀಲರ ಆಫೀಸಿನಲ್ಲಿ ಅವರ ಜೂನಿಯರ್ ಅಥವಾ ಗುಮಾಸ್ತರ ಹತ್ತಿರ ಡೈರಿ ಇರುತ್ತದೆ, ನಂಬರ್ ಅಲ್ಲಿ ಸಿಗುವುದುಂಟು. ಎದುರು ಪಾರ್ಟಿಯ ಹತ್ತಿರ ಒಂದು ಪ್ರತಿ ಇರಬಹುದು. ಮಾತು ನಿಂತುಹೋಗಿದ್ದರೂ ಮಧ್ಯದಲ್ಲಿ ಯಾರಾದರೂ ಹಿರಿಯರಿದ್ದರೆ ಅವರ ಮೂಲಕ ಕೇಸ್ ನಂಬರ್ ಒಂದನ್ನು ಕೇಳಿಸಬಹುದು, ಅದರಿಂದ ಯಾರಿಗೂ ನಷ್ಟವಿಲ್ಲ.

ಜೀವನಾಂಶದ ವಿಷಯ ಲೋಕ ಅದಾಲತ್ತಿನಲ್ಲಿ ರಾಜಿಯಾಗಿದ್ದರೆ ಅವಾರ್ಡ್ ಅಂತ ಕೇಳಿ, ಅಲ್ಲಿನ ರಾಜಿ ಆದೇಶಕ್ಕೆ ಹಾಗೆ ಹೇಳುತ್ತಾರೆ. ಕೇಸು ದಾಖಲಾಗುವ ಮೊದಲೇ ರಾಜಿಯಾದದ್ದಾದರೆ ಅದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯ ಹತ್ತಿರ ಇರುತ್ತದೆ.

ಅವಧಿ ಮುಗಿದ ಮೇಲೆ ಫೈಲಿನ ಕೆಲವು ಭಾಗಗಳನ್ನು ಕೋರ್ಟು ನಿಯಮದ ಪ್ರಕಾರ ನಾಶ ಮಾಡುತ್ತದೆ. ಅದಕ್ಕೆ ಪೂರ್ತಿ ಫೈಲು ಇಲ್ಲ ಅಂದಾಗ "ಜಡ್ಜ್‌ಮೆಂಟ್ ಮತ್ತು ಡಿಕ್ರಿ ಮಾತ್ರ ಇದೆಯಾ ನೋಡಿ" ಅಂತ ಬಿಡಿಸಿ ಕೇಳಬೇಕು. ಅದೂ ಇಲ್ಲ ಅಂದರೆ ಹಿಂಬರಹ ತೆಗೆದುಕೊಳ್ಳದೆ ಬರಬೇಡಿ. ಇಂಥ ಕೇಸಿನ ದಾಖಲೆ ಲಭ್ಯವಿಲ್ಲ ಅಂತ ಸಹಿ, ಸೀಲು, ತಾರೀಖಿನ ಜೊತೆ ಬರೆದು ಕೊಟ್ಟ ಹಿಂಬರಹ ಕೈಯಲ್ಲಿದ್ದರೆ ಮುಂದಿನ ದಾರಿಗೆ, ಫೈಲು ಮತ್ತೆ ಕಟ್ಟಿಸಲು ಅರ್ಜಿ ಹಾಕುವುದಕ್ಕೂ, ಅದು ಆಧಾರ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು, ಅದರಲ್ಲೂ ಹೆಣ್ಣುಮಕ್ಕಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲಿಗೆ ಹೋಗಿ. 1987ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆಯೇ ಉಚಿತ ಕಾನೂನು ನೆರವಿನ ಹಕ್ಕಿದೆ. ಮೊದಲು ಫೋನಿನಲ್ಲಿ ವಿಚಾರಿಸಬೇಕಾದರೆ 15100.

ಕಾಪಿ ಕೈಗೆ ಬಂದ ದಿನ ಕೌಂಟರ್ ಬಿಡುವ ಮೊದಲು ನಿಂತು ಓದಿ. ಎರಡೂ ಹೆಸರು, ತಂದೆಯ ಹೆಸರು, ಮದುವೆ ತಾರೀಖು ಸರಿ ಇದೆಯಾ? ಪ್ರತಿ ಪುಟಕ್ಕೂ ಸೀಲು ಬಿದ್ದಿದೆಯಾ? ಕೊನೆಯ ಪುಟದಲ್ಲಿ ಅರ್ಜಿ ಹಾಕಿದ ದಿನ, ಶುಲ್ಕ ಕಟ್ಟಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ ಅಂತ ಸಾಲಾಗಿ ತಾರೀಖು ಬರೆದ ಒಂದು ಮುದ್ರೆ ಇರುತ್ತದೆ. ಅಪೀಲಿನ ಗಡುವು ಲೆಕ್ಕ ಹಾಕುವಾಗ ಆ ತಾರೀಖುಗಳು ಬೇಕಾಗುತ್ತವೆ, ಖಾಲಿ ಬಿಟ್ಟಿದ್ದರೆ ಅಲ್ಲೇ ತುಂಬಿಸಿಕೊಳ್ಳಿ. ಹೆಸರಿನಲ್ಲಿ ತಪ್ಪಿದ್ದರೆ ಅದು ನಕಲು ಮಾಡುವಾಗ ಆದದ್ದೋ, ಮೂಲ ಡಿಕ್ರಿಯಲ್ಲೇ ಇದೆಯೋ ಕೇಳಿ. ಮೂಲದಲ್ಲೇ ಇದ್ದರೆ ತಿದ್ದುಪಡಿಗೆ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಒಂದೇ ಸಲಕ್ಕೆ ಎರಡು ಪ್ರತಿ ಮಾಡಿಸಿಕೊಳ್ಳಿ, ಒಂದನ್ನು ಯಾವ ಕಚೇರಿಗೂ ಕೊಡದೆ ಮನೆಯಲ್ಲಿಡಿ. ಕೇಸ್ ನಂಬರ್, ಕೋರ್ಟಿನ ಹೆಸರು, ಸಿಎನ್‌ಆರ್ ಮೂರನ್ನೂ ಫೋನಿನಲ್ಲಿ ಬರೆದುಕೊಂಡು ಮನೆಯ ಇನ್ನೊಬ್ಬರಿಗೂ ಕಳಿಸಿಡಿ.